ಅಪ್ಪನಿಗೆ ಜೋರಾಗಿ ಓದಿ ಹೇಳು

ಬರ್ಲಿನ್, ಭಾನುವಾರ ಸಂಜೆ

ಅಮ್ಮಾ,

ನಮಸ್ಕಾರ. ನಾನು ಕ್ಷೇಮ. ದೊಡ್ಡಮ್ಮ, ಪುಟ್ಟಿ, ಮಕ್ಕಳು ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಶುಕ್ರವಾರ ಬಂತು. ಮೂರು ಪುಟದಲ್ಲಿ ಎರಡೂವರೆ ಪುಟ ನನ್ನ ಓಟದ ಬಗ್ಗೆಯೇ ಬೈದಿದ್ದೀಯ. ಕೊನೆಗೆ ಒಂದು ಸಾಲು ಬರೆದಿದ್ದೀಯ. ಅಪ್ಪನಿಗೆ ಗದ್ದೆಯಲ್ಲಿ ಕಬ್ಬಿನ ಕೂಳೆ ಚುಚ್ಚಿ ಕಾಲಿನ ಹೆಬ್ಬೆರಳ ಕೆಳಗೆ ಗಾಯ ಆಗಿದೆ, ನೋವಿಲ್ಲವಂತೆ, ಅರಿಶಿನ ಹಚ್ಚಿದ್ದೇವೆ ಅಂತ. ಆ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಕಾಗದ ಇಲ್ಲಿಗೆ ಬರೋಕೇ ಎರಡು ವಾರ ಆಗಿದೆ. ರಾತ್ರಿಯೇ ಫೋನ್ ಮಾಡಿದರೆ ಅಪ್ಪ "ಏನಿಲ್ಲ ಬಿಡಪ್ಪ, ಮಾಯ್ತಾ ಇದೆ" ಅಂದು ಇಲ್ಲಿ ಮಳೆ ಹೇಗಿದೆ ಅಂತ ಕೇಳಿದರು. ಫೋನಿನಲ್ಲಿ ಅವರು ನನ್ನ ಮಾತು ಕೇಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಫೋಟೋ ಪುಟ್ಟಿ ಮೊಬೈಲಿಗೆ ಕಳಿಸುತ್ತೇನೆ. ಅಪ್ಪನನ್ನು ಕೂರಿಸಿಕೊಂಡು ಜೋರಾಗಿ ಓದಿ ಹೇಳಲಿ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಹೌದು, ಹೊಸ ಶೂ ತಗೊಂಡೆ. 150 ಯೂರೋ. ನಮ್ಮ ಲೆಕ್ಕದಲ್ಲಿ ನಾಲ್ಕು ಟನ್ ಕಬ್ಬಿನ ದುಡ್ಡು, ನನಗೂ ಗೊತ್ತು. ಆದರೆ ಹಳೆಯದು 700 ಕಿಲೋಮೀಟರ್ ಓಡಿ ಅಟ್ಟೆಯೊಳಗಿನ ಫೋಮ್ ಸತ್ತುಹೋಗಿತ್ತು. ಸೆಪ್ಟೆಂಬರ್‌ನ ಮ್ಯಾರಥಾನ್‌ನಲ್ಲಿ ಓಡಬೇಕಾದ್ದು 42 ಕಿಲೋಮೀಟರ್, ಮೇಲೆ 195 ಮೀಟರ್. ಮಂಡ್ಯದಿಂದ ಮೈಸೂರಿಗೆ ಹತ್ತಿರ ಹತ್ತಿರ ಅಷ್ಟೇ ಅಲ್ವಾ?

ಇಲ್ಲಿ ಶೂ ಕೊಡುವ ರೀತಿ ನೀನು ನೋಡಬೇಕು. ಅಂಗಡಿಯ ಹುಡುಗಿ "ಬೆಳಗ್ಗೆ ಬೇಡ, ಸಂಜೆ ಬನ್ನಿ, ಸಂಜೆಗೆ ಕಾಲು ಸ್ವಲ್ಪ ಊದಿರುತ್ತೆ, ಆಗಲೇ ಸರಿಯಾದ ಅಳತೆ ಸಿಗೋದು" ಅಂದಳು. ಟ್ರೆಡ್‌ಮಿಲ್ ಮೇಲೆ ಮೊದಲು ಬರಿಗಾಲಲ್ಲಿ ಓಡಿಸಿದಳು, ಆಮೇಲೆ ಐದು ಜೊತೆ ಶೂ ಹಾಕಿಸಿ ಓಡಿಸಿದಳು. ಹಿಂದಿನಿಂದ ವಿಡಿಯೋ ತೆಗೆದು ನನ್ನ ಎಡಗಾಲು ಒಳಕ್ಕೆ ವಾಲೋದನ್ನು ತೋರಿಸಿದಳು. ಕೊನೆಗೆ ನನ್ನ ಮುಂದೆ ಮಂಡಿಯೂರಿ ಕೂತು, ಬೆರಳಿನ ತುದಿಗೂ ಶೂಗೂ ನಡುವೆ ತನ್ನ ಹೆಬ್ಬೆರಳು ಒತ್ತಿ ನೋಡಿದಳು. ಅಷ್ಟು ಜಾಗ ಇರಲೇಬೇಕಂತೆ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ನನ್ನ ಕಾಲನ್ನು ಅಷ್ಟು ಜೋಪಾನವಾಗಿ ಹಿಡಿದದ್ದು ನೀನು ಬಿಟ್ಟರೆ ಅವಳೇ.

ಹಳೇ ಏರ್‌ಪೋರ್ಟಿನ ರನ್‌ವೇ ಮೇಲೆ ಓಡುತ್ತೇನೆ. ಟೆಂಪಲ್‌ಹೋಫ್ ಅಂತ. 2008ರಲ್ಲಿ ವಿಮಾನ ನಿಲ್ಲಿಸಿ, 2010ರಲ್ಲಿ ಜನರಿಗೆ ಪಾರ್ಕ್ ಮಾಡಿಕೊಟ್ಟರು. ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ, ಮಕ್ಕಳು ಗಾಳಿಪಟ ಬಿಡುತ್ತಿರುತ್ತಾರೆ. ಮೊದಲ ದಿನ 5 ಕಿಲೋಮೀಟರ್ ಮಾತ್ರ ಓಡಿದೆ. ಹೊಸ ಶೂವನ್ನು ಹಾಗೇ ನಿಧಾನವಾಗಿ ಪಳಗಿಸಬೇಕು. ಇವತ್ತು 12. ಹನ್ನೊಂದನೇ ಕಿಲೋಮೀಟರಿಗೆ ಎಡಗಾಲಿನ ಕಿರುಬೆರಳು ಚುರುಗುಟ್ಟಿತು. ನಿಂತು, ಕಾಲ್ಚೀಲ ಬಿಚ್ಚಿ ನೋಡಿದೆ. ಚರ್ಮ ಕೆಂಪಾಗಿತ್ತು, ಬೊಬ್ಬೆ ಇನ್ನೂ ಎದ್ದಿರಲಿಲ್ಲ. ಟೇಪ್ ಸುತ್ತಿಕೊಂಡೆ, ಸರಿಹೋಯಿತು.

ಅಲ್ಲೇ ರನ್‌ವೇ ಮೇಲೆ ಕೂತಾಗ ಅಪ್ಪನ ಕಾಲು ನೆನಪಾಯಿತು ಅಮ್ಮಾ. ನನಗೆ ನೋವಾಯಿತು, ನಿಂತೆ. ಅಪ್ಪನಿಗೆ ನೋವೇ ಆಗಲಿಲ್ಲ. ನಡುಮನೆಯಲ್ಲಿ ರಕ್ತದ ಹೆಜ್ಜೆ ನೋಡಿ ನೀನು ಹೇಳಿದ ಮೇಲೆ ಅವರಿಗೆ ಗೊತ್ತಾಯಿತು ಅಂತ ಪುಟ್ಟಿ ಹೇಳಿದಳು. 14 ವರ್ಷದಿಂದ ಶುಗರ್ ಇದೆ. ಜಾಸ್ತಿ ವರ್ಷ ಆದರೆ ಕಾಲಿನ ನರ ಸೋತು ಸ್ಪರ್ಶ ಹೋಗಬಹುದು. ರಕ್ತ ಓಡಾಟವೂ ಕಮ್ಮಿ, ಗಾಯ ಬೇಗ ಮಾಯಲ್ಲ. ಒಳಗೇ ಕೀವಾದರೂ ತಿಳಿಯಲ್ಲ. ನೋವಿಲ್ಲ ಅನ್ನೋದು ಧೈರ್ಯದ ಮಾತಲ್ಲ, ಅದೇ ನನಗೆ ಭಯ.

ಅಪ್ಪಾ, ನೀವು ಕೇಳಿಸಿಕೊಳ್ಳಿ. ನಾಳೆ ಬೆಳಗ್ಗೆಯೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಿ ತೋರಿಸಿ. ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಿ, ಪಾದಕ್ಕೆ ಸ್ಪರ್ಶ ಎಷ್ಟಿದೆ ಅಂತಲೂ ನೋಡಲಿಕ್ಕೆ ಹೇಳಿ. ಅರಿಶಿನ ಬೇಡ. ಬಿಸಿನೀರಿನ ಶಾಖ ಬೇಡವೇ ಬೇಡ, ಸುಟ್ಟರೂ ನಿಮಗೆ ಗೊತ್ತಾಗಲ್ಲ. ಆಣಿಯನ್ನು ಬ್ಲೇಡಿನಲ್ಲಿ ಕೆರೆಯಬೇಡಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಶುಗರ್ ಇರೋರಿಗೇ ಅಂತ ಮೆತ್ತನೆಯ ಎಂಸಿಆರ್ ಚಪ್ಪಲಿ ಬರುತ್ತದೆ, ಹಿಂದೆ ಪಟ್ಟಿ ಇರೋದನ್ನೇ ಕೇಳಿ ತಗೊಳ್ಳಿ. ಅಳತೆ ಸಂಜೆ ಹೊತ್ತು ಕೊಡಿ.

ಕೊನೇ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತೀನಿ ಅಂದಿರಂತೆ. ಸಾವಿರ ಮೆಟ್ಟಿಲು ಅಪ್ಪಾ. ಹರಕೆ ನನ್ನ ಹೆಸರಿನದು ಅಂತ ಗೊತ್ತು. ಆ ಹರಕೆ ನನಗಿರಲಿ, ಊರಿಗೆ ಬಂದಾಗ ನಾನೇ ಹತ್ತಿ ತೀರಿಸುತ್ತೇನೆ. ಈ ಸಲ ನೀವು ಬಸ್ಸಿನಲ್ಲಿ ಹೋಗಿ. ತಾಯಿ ಬೇಜಾರು ಮಾಡಿಕೊಳ್ಳಲ್ಲ. ಹಿಂದಿನವರೆಲ್ಲ ಬರಿಗಾಲಲ್ಲೇ ನಡೆದರು ಅಂತೀರಿ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದ. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿದ, ಆಗಲೂ ಅವನೇ ಗೆದ್ದ. ಹಾಕಿಕೊಂಡರೆ ಏನೂ ಕಮ್ಮಿಯಾಗಲ್ಲ ಅಪ್ಪಾ.

ಅಮ್ಮಾ, ದಿನಾ ರಾತ್ರಿ ನೀನೇ ಅವರ ಪಾದ ನೋಡು. ಬೆರಳ ಸಂದಿ ಒರೆಸು. ಪುಟ್ಟಿ ಅಕೌಂಟಿಗೆ ಹದಿನೈದು ಸಾವಿರ ಹಾಕಿದ್ದೇನೆ, ಆಸ್ಪತ್ರೆಗೆ, ಚಪ್ಪಲಿಗೆ. ಬೇರೆ ಯಾವುದಕ್ಕೂ ಬೇಡ.

ನನ್ನ ಬಗ್ಗೆ ಯೋಚನೆ ಬೇಡ. ಇಸಿಜಿ ಮಾಡಿಸಿದ್ದೇನೆ, ಎಲ್ಲ ಸರಿಯಾಗಿದೆ. ಚೆನ್ನಾಗಿ ತಿನ್ನುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ. ನೀನು ಕಳಿಸಿದ ರಾಗಿ ಹಿಟ್ಟಿನ ಅಂಬಲಿ ಕುಡಿದೇ ಓಡೋಕೆ ಹೋಗೋದು. ಒಂಚೂರೂ ಸಣ್ಣ ಆಗಿಲ್ಲ. ನನಗೆ ಏನೂ ಆಗಲ್ಲ, ನಿಜವಾಗ್ಲೂ.

ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕುತ್ತಿದೆ. ಆಸ್ಪತ್ರೆಯಿಂದ ಬಂದ ತಕ್ಷಣ ಪುಟ್ಟಿ ಫೋನ್ ಮಾಡಲಿ. ಇಲ್ಲಿ ಬೆಳಗಿನ ಜಾವ ಆದರೂ ಎತ್ತುತ್ತೇನೆ.

ನಿನ್ನ ಮಗ