ಹಾಡು ಸರಿ, ಸುದ್ದಿ ಯಾಕೆ ಬೇಡ?

ಸಂಪಾದಕರೇ, ನಮಸ್ಕಾರ.

ಮೊನ್ನೆ ಜೋರು ಮಳೆ ಬಂದ ರಾತ್ರಿ ಕರೆಂಟ್ ಹೋಯಿತು. ಟಿವಿ ಆರಿತು, ವೈಫೈ ಹೋಯಿತು, ಸ್ವಲ್ಪ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಕೂಡ ಕೈಕೊಟ್ಟಿತು. ಉಳಿದದ್ದು ಸೆಲ್ ಹಾಕಿದ ಹಳೇ ರೇಡಿಯೊ ಒಂದೇ. ಖಾಸಗಿ ಎಫ್‌ಎಂ ಹಾಕಿದೆ. ಇಂಥ ರಸ್ತೆಯಲ್ಲಿ ಟ್ರಾಫಿಕ್ ನಿಂತಿದೆ, ಆ ಕಡೆ ಹೋಗಬೇಡಿ ಎಂದ ಆರ್‌ಜೆ. ಯಾಕೆ ನಿಂತಿದೆ, ಏನಾಗಿದೆ, ಯಾರಿಗಾದರೂ ಪೆಟ್ಟಾಯಿತಾ, ಒಂದೂ ಹೇಳಲಿಲ್ಲ. ಮಳೆ ಹಾಡು ಹಾಕಿದ.

ಮೊದಲು ಅವನ ಮೇಲೇ ಸಿಟ್ಟು ಬಂತು. ಆಮೇಲೆ ನೆನಪಾಯಿತು, ಪಾಪ ಅವನ ತಪ್ಪೇನಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ತಾನಾಗಿ ಸುದ್ದಿ ಹೇಳುವಂತಿಲ್ಲ. ಕೇಂದ್ರ ಸರ್ಕಾರದ 2011ರ ಎಫ್‌ಎಂ ನೀತಿಯಲ್ಲಿ ಒಂದು ಪಟ್ಟಿ ಇದೆ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ಕೆಲಸ ಖಾಲಿ ಇರುವ ಮಾಹಿತಿ, ನೀರು-ಕರೆಂಟಿನ ಬಗ್ಗೆ ಸ್ಥಳೀಯ ಆಡಳಿತ ಕೊಟ್ಟ ಪ್ರಕಟಣೆ, ಇವೆಲ್ಲ ‘ಸುದ್ದಿ ಅಲ್ಲ’ ಅಂತೆ, ಹೇಳಬಹುದು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು. ಅಷ್ಟೇ. ಅಂದರೆ ರಸ್ತೆ ಬಂದ್ ಆಗಿದೆ ಎನ್ನಬಹುದು, ಯಾರು ಯಾಕೆ ಬಂದ್ ಮಾಡಿದರು ಎನ್ನುವಂತಿಲ್ಲ!

ಅತ್ತ ಕೇಬಲ್‌ನಲ್ಲಿ ನೂರಾರು ಸುದ್ದಿ ಚಾನೆಲ್‌ಗಳು ದಿನದ 24 ಗಂಟೆಯೂ ಕೂಗುತ್ತವೆ. ಪತ್ರಿಕೆ, ಟಿವಿ, ಎಫ್‌ಎಂ ಮೂರೂ ಒಬ್ಬರದೇ ಆಗಿರಬಹುದು. ಅದೇ ಸುದ್ದಿಯನ್ನು ಅಚ್ಚು ಹಾಕಬಹುದು, ತೆರೆಯ ಮೇಲೆ ತೋರಿಸಬಹುದು, ರೇಡಿಯೊದಲ್ಲಿ ಮಾತ್ರ ಹೇಳಬಾರದು. ಇದಕ್ಕೆ ಏನು ಲೆಕ್ಕ?

ನಿಯಮಗಳೇ ಬೇಡ ಎನ್ನುವವನು ನಾನಲ್ಲ. 2016ರ ಫೆಬ್ರವರಿಯಲ್ಲಿ ಟ್ರಾಯ್ (ಫೋನ್, ಇಂಟರ್‌ನೆಟ್, ಕೇಬಲ್ ಸೇವೆಗಳ ಮೇಲೆ ಕಣ್ಣಿಡುವ ಕೇಂದ್ರದ ಪ್ರಾಧಿಕಾರ), ಒಂದು ವೆಬ್‌ಸೈಟಿಗೆ ಒಂದು ದರ ಇನ್ನೊಂದಕ್ಕೆ ಇನ್ನೊಂದು ದರ ಹಾಕುವಂತಿಲ್ಲ ಎಂದು ಇಂಟರ್‌ನೆಟ್ ಕಂಪನಿಗಳನ್ನು ತಡೆದದ್ದು ನಮಗೆಲ್ಲ ಆದ ದೊಡ್ಡ ಉಪಕಾರ. ಅದಕ್ಕೂ ಮೊದಲು ಜನ ಲಕ್ಷಗಟ್ಟಲೆ ಇಮೇಲ್ ಬರೆದಿದ್ದರು. ಕೇಬಲ್ ವಿಷಯದಲ್ಲಿ ಅಷ್ಟು ಖುಷಿಯಿಲ್ಲ. ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂತ 2019ರಲ್ಲಿ ಹೊಸ ದರ ಪದ್ಧತಿ ತಂದರು, 100 ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ಬೇಕಾದ ಪೇ ಚಾನೆಲ್‌ಗೆ ಬೇರೆ ದುಡ್ಡು. ಎಲ್ಲ ಕೂಡಿ ನೋಡಿದರೆ ನನ್ನ ಬಿಲ್ ಇಳಿಯುವ ಬದಲು ಏರಿತ್ತು. ಆದರೂ ಅಲ್ಲಿ ಗ್ರಾಹಕನಿಗೆ ಆಯ್ಕೆ ಅಂತ ಒಂದಿದೆ. ರೇಡಿಯೊದಲ್ಲಿ ಅದೂ ಇಲ್ಲ.

ರೇಡಿಯೊ, ಟಿವಿ ಪ್ರಸಾರವಾಗುವ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಯಾಗಿದೆ, ಅದೂ ಕ್ರಿಕೆಟ್ ಪಂದ್ಯ ತೋರಿಸುವ ಜಗಳದಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಇನ್ನೂ ಹಿಂದೆ ಹೋದರೆ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ನಡೆಸಿದರು. ಸರ್ಕಾರಿ ರೇಡಿಯೊ ಇಂದು ಹೊತ್ತಿರುವ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ಕೋಲಾರ ಜಿಲ್ಲೆಯ ಬೂದಿಕೋಟೆಯದು ಇನ್ನೂ ಚೆನ್ನಾಗಿದೆ. 2000ರ ದಶಕದ ಆರಂಭದಲ್ಲಿ ಅಲ್ಲಿನ ಸಮುದಾಯ ರೇಡಿಯೊ, ಅಂದರೆ ಊರಿನವರೇ ಊರಿಗಾಗಿ ನಡೆಸುವ ರೇಡಿಯೊ, ‘ನಮ್ಮ ಧ್ವನಿ’ಯವರಿಗೆ ಗಾಳಿಯಲ್ಲಿ ಪ್ರಸಾರ ಮಾಡಲು ದಾರಿಯಿರಲಿಲ್ಲ. ಟಿವಿ ಕೇಬಲ್‌ನಲ್ಲೇ ದನಿ ಕಳಿಸಿ ಮನೆಮನೆಗೆ ಮುಟ್ಟಿಸಿದರು. ಸಂಘ-ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಬಿಟ್ಟದ್ದು 2006ರಲ್ಲಿ. ಅವರೂ ಸ್ವಂತ ಸುದ್ದಿ ಮಾಡುವಂತಿಲ್ಲ ಬಿಡಿ.

ಸರ್ಕಾರ ಕೊಡುವ ಕಾರಣ ಭದ್ರತೆ. ಊರೂರಲ್ಲಿ ಯಾರು ಏನು ಹೇಳುತ್ತಾರೋ, ನಿಗಾ ಇಡುವುದು ಕಷ್ಟವಂತೆ. ನನಗಂತೂ ಇದು ಅರ್ಥವಾಗುವುದಿಲ್ಲ. ಎಫ್‌ಎಂಗೆ ಪರವಾನಗಿ ಇದೆ, ಗೊತ್ತಿರುವ ಮಾಲೀಕ, ಗೊತ್ತಿರುವ ವಿಳಾಸ, ಒಂದೇ ಫ್ರೀಕ್ವೆನ್ಸಿ, ಯಾರು ಬೇಕಾದರೂ ಕೂತು ರೆಕಾರ್ಡ್ ಮಾಡಿಕೊಳ್ಳಬಹುದು. ಸುಳ್ಳು ಹೇಳಿದರೆ ಮರುದಿನವೇ ನೋಟಿಸ್ ಕೊಡಬಹುದು. ವಾಟ್ಸಾಪ್‌ನಲ್ಲಿ ಹುಟ್ಟಿದ ಊರು ಗೊತ್ತಿಲ್ಲದ ಫಾರ್ವರ್ಡ್‌ಗೆ ಯಾರು ನೋಟಿಸ್ ಕೊಡುತ್ತಾರೆ? ಎಫ್‌ಎಂ ಬಾಯಿಗೆ ಬೀಗ ಹಾಕಿ ಕೂತರೆ ಜನ ಸುದ್ದಿಗೆ ಅಲ್ಲಿಗೇ ಹೋಗುತ್ತಾರೆ, ಅಲ್ವಾ?

ಇದರ ಪೆಟ್ಟು ಬೀಳುವುದು ಟಿವಿ ಮುಂದೆ ಕೂರಲು ಪುರುಸೊತ್ತಿಲ್ಲದವರಿಗೆ, ಡೇಟಾ ಖರ್ಚಿಗೆ ಹಿಂದೆಮುಂದೆ ನೋಡುವವರಿಗೆ, ಓದಲು ಬಾರದವರಿಗೆ, ಹೊಲಿಗೆ ಮಷೀನಿನ ಮುಂದೆ, ಸ್ಟೀರಿಂಗ್ ಹಿಂದೆ, ರಾತ್ರಿ ಪಾಳಿಯ ಗೇಟಿನ ಹತ್ತಿರ ಕೈಯಲ್ಲಿ ಕೆಲಸ ಇಟ್ಟುಕೊಂಡೇ ಕೇಳುವವರಿಗೆ.

2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್ ಒಂದು ಶಿಫಾರಸು ಮಾಡಿತು. ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿ ಹೇಳಲು ಬಿಡಿ ಎಂದಿತು. ಹತ್ತೇ ನಿಮಿಷ ಯಾಕೆ ಅಂತ ನಾನು ತಕರಾರು ಮಾಡುವುದಿಲ್ಲ, ಅಷ್ಟಾದರೂ ಸಿಗಲಿ. ಅದೇ ವರ್ಷ ಕೇಂದ್ರ ಸರ್ಕಾರ ಮೊಬೈಲ್ ತಯಾರಕರಿಗೆ, ಫೋನಿನಲ್ಲಿ ಎಫ್‌ಎಂ ರೇಡಿಯೊ ಬಂದ್ ಮಾಡಬೇಡಿ, ಆಪತ್ತಿನ ಹೊತ್ತಿನಲ್ಲಿ ಜನರಿಗೆ ಬೇಕಾಗುತ್ತದೆ ಎಂದು ಸೂಚನೆ ಕೊಟ್ಟಿತ್ತು. ಒಳ್ಳೆಯದೇ. ಆದರೆ ಆಪತ್ತಿನ ಹೊತ್ತಿನಲ್ಲಿ ಆನ್ ಮಾಡಿದರೆ ಏನು ಕೇಳಿಸಿತು ಅಂತ ಮೇಲೆಯೇ ಬರೆದಿದ್ದೇನೆ. ಆ ಹತ್ತು ನಿಮಿಷ ಕೊಡಿಸಿ. ಉಳಿದ ಐವತ್ತು ನಿಮಿಷ ಹಾಡನ್ನೇ ಕೇಳುತ್ತೇವೆ.

ಇತಿ,
ಒಬ್ಬ ರೇಡಿಯೊ ಕೇಳುಗ