ಆ ‘ಜುಂ’ ಅನ್ನೋದರ ಬಗ್ಗೆ

ಪುಟ್ಟೀ,

ಊರಿನ ಸುದ್ದಿ ನಿಮ್ಮಪ್ಪ ಹೇಳಿರ್ತಾನೆ, ಅದು ಬಿಡು. ನೀನು ಕೇಳಿದ್ದು ಹೊಸ ಹೇರ್ ಡ್ರೈಯರ್ ಯಾವ್ದು ತಗೊಳ್ಳಲಿ ಅಂತ, ನನಗೆ ನಿನ್ನೆಯಿಂದ ತಲೇಲಿ ಕೊರೀತಿರೋದು ಮಧ್ಯದಲ್ಲಿ ನೀನು ಸುಮ್ನೆ ಬರೆದ ಒಂದೇ ಸಾಲು. ಪಿಜಿ ಬಾತ್‌ರೂಮಲ್ಲೇ ಗೀಸರ್ ಪಾಯಿಂಟಿಗೆ ಹಾಕಿ ಒಣಗಿಸ್ಕೋತೀನಿ, ಕೈ ಒದ್ದೆ ಇದ್ರೆ ಸ್ವಲ್ಪ ಜುಂ ಅನ್ನತ್ತೆ, ಅಭ್ಯಾಸ ಆಗೋಗಿದೆ ಅಂದಿದೀಯ. ಅಭ್ಯಾಸ ಮಾಡ್ಕೊಳ್ಳೋ ಅಂಥದ್ದಾ ಅದು?

ನಾವು ಸೀಗೆಪುಡಿ ಹಾಕಿ ಎರಕೊಂಡು ಬಚ್ಚಲೊಲೆಗೆ ಬೆನ್ನು ಮಾಡಿ ಕೂತು ಕೂದಲು ಆರಿಸ್ಕೋತಿದ್ವಿ, ಹೊಗೆ ವಾಸನೆ ಎರಡು ದಿನ ಹೋಗ್ತಿರ್ಲಿಲ್ಲ. ಕಿಡಿ ಹಾರತ್ತೆ ದೂರ ಕೂತ್ಕೊಳ್ರೇ ಅಂತ ಅಜ್ಜಿ ಬೈತಾನೇ ಇರೋಳು. ಬೆಂಕಿ ಕಣ್ಣಿಗೆ ಕಾಣತ್ತಲ್ಲ, ಹೆದರ್ತಿದ್ವಿ.

ಕರೆಂಟಿಗೆ ನಾನೂ ಹೆದರ್ಲಿಲ್ಲ ಆಗ. ಮದುವೆಯಾದ ಹೊಸದ್ರಲ್ಲಿ ಶಿವಮೊಗ್ಗದ ಬಾಡಿಗೆ ಮನೆ, ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸೋದು, ನಲ್ಲಿ ಮುಟ್ಟಿದ್ರೆ ಇದೇ ಜುಂ. ಓನರಿಗೆ ಹೇಳೋಕೆ ಸಂಕೋಚ, ಮನೆ ಬಿಡಿ ಅಂದ್ರೆ ಅಂತ. ರಬ್ಬರ್ ಚಪ್ಪಲಿ ಹಾಕ್ಕೊಂಡು ಹೋಗೋದು ಕಲಿತೆ, ಅಷ್ಟೇ. ಬಟ್ಟೆ ಒಗೆಯೋಕೆ ಬರ್ತಿದ್ದಾಕೆಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ ನೋಡು. ಒಂದಿನ ಬಿದ್ದುಬಿಟ್ಳು. ಜೀವ ಉಳೀತು, ಬಲಗೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ನನಗೆ ಮುಂಚೇನೇ ಗೊತ್ತಿತ್ತು ಕಣೇ ಅಂತ ಅವಳ ಮುಂದೆ ಹೇಳೋಕೆ ಇವತ್ತಿನವರೆಗೂ ಆಗಿಲ್ಲ. ನಿಮ್ಮ ಮಾವನಿಗೂ ಹೇಳಿಲ್ಲ.

ಇವತ್ತು ನಮ್ಮ ವೈರಿಂಗ್ ಹುಡುಗನ್ನ ಕೇಳಿದೆ. ಡ್ರೈಯರ್ ಬಟನ್ ಆಫ್ ಇದ್ರೂ ಪ್ಲಗ್ ಇರೋವರೆಗೆ ಒಳಗೆ ಕರೆಂಟ್ ಇರಬಹುದಂತೆ, ನೀರಿಗೆ ಬಿದ್ರೆ ಕೈ ಹಾಕಬಾರದು, ಮೊದಲು ಮೇನ್ ಆಫ್ ಮಾಡ್ಬೇಕು. ಮೂರು ಪಿನ್ ಪ್ಲಗ್ ಇದ್ದೂ ಜುಂ ಅಂದ್ರೆ ಅಲ್ಲಿ ಅರ್ಥಿಂಗೇ ಸರಿ ಇರಲಿಕ್ಕಿಲ್ಲ ಅಂದ. ಹಾಗಿದ್ರೆ ಅದೇ ಪಾಯಿಂಟಿನ ಗೀಸರ್ ಕಥೆ ಏನು? ಬೋರ್ಡಲ್ಲಿ 30 ಮಿಲಿಆಂಪ್‌ದು ಆರ್‌ಸಿಸಿಬಿ ಇದೆಯಾ ಕೇಳು, ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್ಚದು. ಎಂಸಿಬಿ ಇದೆ ಅಂತಾರೆ, ಅದು ವೈರ್ ಸುಡದ ಹಾಗೆ ನೋಡ್ಕೊಳ್ಳತ್ತೆ, ನಿನ್ನನ್ನಲ್ಲ.

ನೀನು ಕೇಳಿದ್ದಕ್ಕೂ ಒಂದು ಮಾತು ಹೇಳ್ಬೇಕಲ್ಲ, ನನಗೇನು ಮಹಾ ಗೊತ್ತು. ನಿಂದು 2000 ವ್ಯಾಟ್, ಹತ್ತಿರ ಹತ್ತಿರ 9 ಆಂಪ್ ಎಳೆಯತ್ತೆ, ದಪ್ಪ ಪಿನ್ನು, ರೂಮಿನ ಸಾಕೆಟ್ಟಿಗೆ ಹೋಗಲ್ಲ, ಅದಕ್ಕೇ ತಾನೇ ನೀನು ಬಾತ್‌ರೂಮಿಗೆ ಹೋಗಿದ್ದು? 1200 ವ್ಯಾಟಿಂದು ತಗೋ, ರೂಮಿನ 6 ಆಂಪ್ ಸಾಕೆಟ್ಟಿಗೆ ಆಗತ್ತೆ, ಮಂಚದ ಮೇಲೆ ಕೂತು ಒಣಗಿಸ್ಕೋ. ಹತ್ತು ನಿಮಿಷ ಜಾಸ್ತಿ ಹಿಡಿಯತ್ತೆ, ಹಿಡೀಲಿ. ತಣ್ಣನೆ ಗಾಳಿ ಬಟನ್ ಇರೋದು ನೋಡು. ವೈರ್‌ನ ಹ್ಯಾಂಡಲ್‌ಗೆ ಬಿಗಿಯಾಗಿ ಸುತ್ತಿ ಇಡಬೇಡ, ಬುಡದಲ್ಲಿ ಸೀಳತ್ತೆ. ಸ್ಟ್ರೈಟ್ನರ್ ಅಂತೂ ಒದ್ದೆ ಕೂದಲಿಗೆ ಮುಟ್ಟಿಸ್ಲೇ ಬೇಡ, ಕೂದಲೊಳಗಿನ ನೀರೇ ಕುದ್ದು ಗುಳ್ಳೆ ಎದ್ದು ತುಂಡಾಗತ್ತೆ. ಹೋಗ್ಲಿ, ಕೂದಲು ಮತ್ತೆ ಬೆಳೆಯತ್ತೆ.

ಹಳೇದು ಯಾರಿಗೂ ಕೊಡಬೇಡ, ದುಡ್ಡು ನಾನು ಹಾಕ್ತೀನಿ. ಪಕ್ಕದ ರೂಮಿನ ಹುಡುಗೀರಿಗೆ, ಬಾತ್‌ರೂಮ್ ತೊಳೆಯೋ ಅಕ್ಕನಿಗೆ ಆ ಜುಂ ವಿಷಯ ಇವತ್ತೇ ಹೇಳು, ನಾಳೆ ಅನ್ನಬೇಡ. ಪಿಜಿ ಓನರ್ ಮುಖ ಗಂಟು ಹಾಕಿದ್ರೆ ನನ್ನ ನಂಬರ್ ಕೊಡು.

ನಿನ್ನ ಅತ್ತೆ