ಓಶ್‌ಗೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಊಟದ ಹೊತ್ತಿನಲ್ಲಿ ಆದದ್ದು ಇಬ್ಬರಿಗೂ ನೆನಪಿದೆ, ಮತ್ತೆ ಕೆದಕುವುದು ಬೇಡ. ನಾಡಿದ್ದು ನಿನ್ನ ವಿಮಾನ, ಡಾಕ್ಟರ್ ಓದಲು ಕಿರ್ಗಿಜ್‌ಸ್ತಾನದ ಓಶ್‌ಗೆ. ಹೋಗಬೇಡ ಅಂತ ಇನ್ನು ಹೇಳುವುದಿಲ್ಲ. ಆದರೆ ನಿನ್ನ ಮಾವ "ಮುಸ್ಲಿಂ ದೇಶಕ್ಕೆ ಹುಡುಗೀನ ಕಳಿಸ್ತೀರಾ" ಅಂದಾಗ ನಾನು ಸುಮ್ಮನಿದ್ದೆ ನೋಡು, ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ನನ್ನ ಹೆದರಿಕೆಯೇ ಬೇರೆ.

2010ರ ಜೂನ್‌ನಲ್ಲಿ ಅದೇ ಓಶ್‌ನಲ್ಲಿ ಕಿರ್ಗಿಜರಿಗೂ ಅಲ್ಲಿನ ಉಜ್ಬೆಕರಿಗೂ ಗಲಭೆಯಾದಾಗ ಜನ ತಮ್ಮ ಮನೆ ಗೇಟಿನ ಮೇಲೆ ಬಣ್ಣದಲ್ಲಿ "ಕಿರ್ಗಿಜ್" ಅಂತ ಬರೆದುಕೊಂಡಿದ್ದರು. ಬೆಂಕಿ ಹಚ್ಚಲು ಬರುವವರಿಗೆ ಗೊತ್ತಾಗಲಿ ಅಂತ. ಉಜ್ಬೆಕರ ಕೇರಿಗಳಲ್ಲಿ ರಸ್ತೆಯ ಮೇಲೇ ಎಸ್‌ಒಎಸ್ ಅಂತ ಬರೆದಿದ್ದರು, ಉಪಗ್ರಹದ ಚಿತ್ರದಲ್ಲಿ ಕಾಣುವಷ್ಟು ದೊಡ್ಡದಾಗಿ. 400ಕ್ಕೂ ಜಾಸ್ತಿ ಜನ ಸತ್ತರು. ಎರಡೂ ಕಡೆಯವರು ಸತ್ತರು, ಆದರೆ ಹೆಚ್ಚಿನವರು ಉಜ್ಬೆಕರು. ಇಬ್ಬರೂ ಸುನ್ನಿಗಳೇ ಕಣೇ. ಮಾವನಿಗೆ ಹೇಳಿದರೆ ನಂಬುವುದಿಲ್ಲ.

ಪಾಠ ಶುರುವಾಯಿತು ಅಂತ ನಗಬೇಡ, ಇಷ್ಟು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟ ಬಾಯಿ ಇದು. 1920ರ ದಶಕದಲ್ಲಿ ಸೋವಿಯತ್ ಸರ್ಕಾರ ಆ ಕಡೆಯ ಗಡಿಗಳನ್ನು ಗೀಚಿತು. ಓಶ್ ಇರುವ ಫರ್ಗಾನಾ ಕಣಿವೆ ಉಜ್ಬೆಕ್, ಕಿರ್ಗಿಜ್, ತಾಜಿಕ್ ಅಂತ ಮೂರು ಪಾಲಾಯಿತು. ಉಜ್ಬೆಕರು ತುಂಬಿದ್ದ ಓಶ್ ಕಿರ್ಗಿಜರ ಪಾಲಿಗೆ ಬಂತು. ಯಾರು ಯಾವ ಜನಾಂಗ ಅಂತ ಪಾಸ್‌ಪೋರ್ಟಿನಲ್ಲೇ ಬರೆಯುತ್ತಿದ್ದರು. ಒಕ್ಕೂಟ ಇರುವ ತನಕ ಆ ಗೆರೆ ಅಷ್ಟೇನೂ ಅಡ್ಡ ಬರಲಿಲ್ಲ. 1990ರಲ್ಲಿ, ಇನ್ನೇನು ಅದು ಒಡೆಯುವ ಹೊತ್ತಿಗೆ, ಓಶ್‌ನಲ್ಲಿ ಜಮೀನಿಗಾಗಿ ಹೊಡೆದಾಡಿಕೊಂಡರು. 1991ರಲ್ಲಿ ಆ ಗೆರೆ ದೇಶದ ಗಡಿಯೇ ಆಯಿತು. ಆಮೇಲೆ ಒಂದೊಂದು ದೇಶಕ್ಕೂ ತನ್ನದೇ ವೀರ ಬೇಕಾಯಿತು. ಉಜ್ಬೆಕಿಸ್ತಾನದ ತಾಷ್ಕೆಂಟಿನಲ್ಲಿ ಮಾರ್ಕ್ಸ್ ಪ್ರತಿಮೆ ಇದ್ದ ಜಾಗಕ್ಕೆ ಹಳೆಯ ದೊರೆ ತೈಮೂರ್ ಬಂದ. ಕಿರ್ಗಿಜರ ರಾಜಧಾನಿ ಬಿಷ್ಕೆಕ್‌ನಲ್ಲಿ 2003ರಲ್ಲಿ ಲೆನಿನ್ ಪ್ರತಿಮೆಯನ್ನು ಮ್ಯೂಸಿಯಂ ಹಿಂದಕ್ಕೆ ಸಾಗಿಸಿದರು, 2011ರಲ್ಲಿ ಮುಂದಿನ ಚೌಕಕ್ಕೆ ಕುದುರೆ ಏರಿದ ಮಾನಸ್, ಕಿರ್ಗಿಜರ ಮಹಾಕಾವ್ಯದ ವೀರ, ಬಂದ. ಮಾನಸ್ ಮೇಲೆ ನನಗೇನೂ ತಕರಾರಿಲ್ಲ. ಆದರೆ ತಲೆಮಾರುಗಳಿಂದ ಓಶ್‌ನಲ್ಲೇ ತಂದೂರಿ ರೊಟ್ಟಿ ಸುಡುತ್ತಿರುವ ಉಜ್ಬೆಕನಿಗೆ ಆ ಕತೆಯಲ್ಲಿ ಜಾಗ ಎಲ್ಲಿದೆ ಹೇಳು?

2010ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಬಕಿಯೆವ್ ಓಡಿಹೋದ. ಎರಡೇ ತಿಂಗಳು, ಓಶ್ ಹತ್ತಿ ಉರಿಯಿತು. ಹಂಗಾಮಿ ಸರ್ಕಾರ ನಡೆಸುತ್ತಿದ್ದ ರೋಜಾ ಒಟುನ್‌ಬಾಯೆವಾ ರಷ್ಯಾದ ಸೈನ್ಯ ಕೇಳಿದರು, ರಷ್ಯಾ ಕಳಿಸಲಿಲ್ಲ. ಲಕ್ಷದಷ್ಟು ಜನ ಗಡಿ ದಾಟಿ ಉಜ್ಬೆಕಿಸ್ತಾನಕ್ಕೆ ಓಡಿದರು. ಉಜ್ಬೆಕ್ ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟು ಕಾಪಾಡಿದ ಕಿರ್ಗಿಜರೂ ಇದ್ದರು, ಅದನ್ನೂ ಹೇಳಬೇಕು. ಆದರೂ ನನ್ನ ತಲೆ ಆ ಗೇಟಿಗೇ ಹೋಗಿ ನಿಲ್ಲುತ್ತದೆ. ಬರೆದವರು ಕೆಟ್ಟವರೇ ಆಗಿರಬೇಕಿಲ್ಲ, ಮಕ್ಕಳಿದ್ದ ಮನೆ ಇರಬಹುದು, ಹೆದರಿ ಬರೆದಿರಬಹುದು. ನಾನಾಗಿದ್ದರೂ ಬರೆಯುತ್ತಿದ್ದೆನೇನೋ. ಆದರೆ ಪಕ್ಕದ ಮನೆಯವರು ಅದನ್ನು ಓದಿರುತ್ತಾರೆ ಅಲ್ವಾ? ಈಗಲೂ ಅದೇ ಬೀದಿ, ಅದೇ ಎರಡು ಮನೆ.

"ಅದೆಲ್ಲ ಹಳೇದು" ಅಂದೆ ನೀನು. ಇರಲಿ. 2024ರ ಮೇನಲ್ಲಿ ಬಿಷ್ಕೆಕ್‌ನಲ್ಲಿ ಗುಂಪು ವಿದೇಶಿ ಹುಡುಗರ ಹಾಸ್ಟೆಲಿಗೆ ನುಗ್ಗಿದ್ದು ಹಳೇದಲ್ಲ. ಆಗ ನಮ್ಮ ರಾಯಭಾರ ಕಚೇರಿ ಹೊರಗೆ ಬರಬೇಡಿ ಅಂದಿತ್ತು. ಇದಕ್ಕೂ ಅದಕ್ಕೂ ಕಾರಣ ಬೇರೆ, ಊರೂ ಬೇರೆ. ಗೊತ್ತು. ಅಮ್ಮನ ಹೊಟ್ಟೆಗೆ ಅಷ್ಟೆಲ್ಲ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಮಾತು ಕೇಳು. ಬಸ್ಸಿನಲ್ಲಿ ಪಕ್ಕ ಕೂತವರ ಊರು, ಮನೆತನ, ಜಾತಿ ಎಲ್ಲ ವಿಚಾರಿಸುವ ನಮ್ಮ ಚಟ ಇದೆಯಲ್ಲ, ಅದನ್ನು ಇಲ್ಲೇ ಬಿಟ್ಟು ಹೋಗು. ನೀವು ಕಿರ್ಗಿಜಾ, ಉಜ್ಬೆಕಾ ಅಂತ ಯಾರನ್ನೂ ಕೇಳಬೇಡ. ಅವರಾಗಿ ಹೇಳಿದರೆ ಕೇಳಿಸಿಕೋ. ಯಾರ ಕಡೆ ತಪ್ಪು ಅಂತ ತೀರ್ಪು ಕೊಡಬೇಡ. ಮೆಸ್ಸಿನಲ್ಲಿ ಅಡುಗೆ ಮಾಡುವವರ ಭಾಷೆಯಲ್ಲಿ ನಾಲ್ಕು ಮಾತು ಕಲಿ, ಯಾವ ಭಾಷೆಯಾದರೂ ಸರಿ. ರಷ್ಯನ್ ಹೇಗೂ ಬೇಕೇ ಬೇಕು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡಬೇಕಲ್ಲ.

ನಿನ್ನೆ ಜೋರು ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಸಾಲದ ಕಾಗದಕ್ಕೆ ಬ್ಯಾಂಕಿಗೆ ನೀನೊಬ್ಬಳೇ ಅಲೆದು, ಮ್ಯಾನೇಜರ್ ಹತ್ತಿರ ವಾದ ಮಾಡಿ ಗೆದ್ದು ಬಂದಾಗ ನಿನ್ನೆದುರಿಗೆ ಏನೂ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಮಾತ್ರ ಎಲ್ಲರಿಗೂ ಹೇಳಿಕೊಂಡು ಬಂದೆ.

ಪಾಸ್‌ಪೋರ್ಟಿನ ಜೆರಾಕ್ಸ್ ಎರಡು ಕಡೆ ಇಡು. ರಾಯಭಾರ ಕಚೇರಿಯ ನಂಬರ್ ಫೋನಿನಲ್ಲಿ ಅಲ್ಲ, ಕಾಗದದ ಮೇಲೆ ಬರೆದುಕೋ. ಮಾವನಿಗೆ ಹೋಗುವ ಮುಂಚೆ ಫೋನ್ ಮಾಡು, ನಾನು ಮಾಡುವುದಿಲ್ಲ.

ಅಮ್ಮ